ಅಧಿಕಾರವೂ ಪರಿಗ್ರಹವೇ? – ಗೆಂಟ್ ನಗರದ ವರ್ತಕ ಆರ್ಟೆವೆಲ್ಡೆಯ ಉತ್ಥಾನ ಮತ್ತು ಹತ್ಯೆ

ಪರಹಿತಕ್ಕಾಗಿ ಕೈಗೆತ್ತಿಕೊಂಡ ಅಧಿಕಾರವು ಯಾವ ಹಂತದಲ್ಲಿ ಸ್ವಂತದ ಸೊತ್ತಾಗಿ ಮಾರ್ಪಡುತ್ತದೆ? ಹೊಲ, ಮನೆ, ಧನ, ಧಾನ್ಯಗಳನ್ನು ಪರಿಗ್ರಹವೆಂದು ಗುರುತಿಸುವುದು ಸುಲಭ. ಅವುಗಳಿಗೆ ಅಳತೆಯುಂಟು, ತೂಕವುಂಟು, ಬೆಲೆಯುಂಟು. ಅಧಿಕಾರಕ್ಕೆ ಇವಾವುವೂ ಇಲ್ಲ. ಅದು ಸೇವೆಯ ಹೆಸರಿನಲ್ಲಿ ಮನೆಯೊಳಗೆ ಬರುತ್ತದೆ. ಬಂದ ಮೇಲೆ ಯಜಮಾನನಾಗಿ ಕುಳಿತುಕೊಳ್ಳುತ್ತದೆ. ಈ ಪ್ರಶ್ನೆಯನ್ನು ತತ್ತ್ವದ ಮಾತುಗಳಲ್ಲಿ ಮಾತ್ರ ಚರ್ಚಿಸಿದರೆ ಅದರ ಭಾರ ತಿಳಿಯುವುದಿಲ್ಲ. ಒಬ್ಬ ಮನುಷ್ಯನ ಬಾಳಿನಲ್ಲಿ ಇಟ್ಟು ನೋಡಿದಾಗ ಅದರ ಸ್ವರೂಪ ಸ್ಪಷ್ಟವಾಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಯೂರೋಪಿನ ಫ್ಲಾಂಡರ್ಸ್ ನಾಡಿನಲ್ಲಿದ್ದ ಯಾಕೋಬ್ ವಾನ್ ಆರ್ಟೆವೆಲ್ಡೆ ಎಂಬ ವರ್ತಕನ ಚರಿತ್ರೆ ಇಂತಹ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ. ಹಸಿದ ಜನರಿಗೆ ಅನ್ನದ ದಾರಿ ತೋರಿದ ಈತನನ್ನು ಏಳೂವರೆ ವರ್ಷಗಳ ತರುವಾಯ ಅದೇ ಜನರು ಅವನ ಮನೆಯ ಬಳಿಯಲ್ಲೇ ಕೊಂದರು.

ಉಣ್ಣೆಯೂ ಹಸಿವೂ

ಇಂದಿನ ಬೆಲ್ಜಿಯಂ ದೇಶದಲ್ಲಿರುವ ಗೆಂಟ್ ಅಂದು ಫ್ಲಾಂಡರ್ಸಿನ ದೊಡ್ಡ ನಗರ. ಅಲ್ಲಿ ಸುಮಾರು 60 ಸಾವಿರ ಜನರಿದ್ದರೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಭಾಗ ಜನರ ಜೀವನ ಉಣ್ಣೆಬಟ್ಟೆಯನ್ನು ಅವಲಂಬಿಸಿತ್ತು. ನೂಲುವವರು, ನೇಯುವವರು, ನೇಯ್ದ ಬಟ್ಟೆಯನ್ನು ನೀರು ಮತ್ತು ಜೇಡಿಮಣ್ಣಿನಲ್ಲಿ ತುಳಿದು ಹದಗೊಳಿಸುವವರು, ಬಣ್ಣ ಹಾಕುವವರು ಹೀಗೆ ಒಂದೊಂದು ಕಸುಬಿಗೂ ಪ್ರತ್ಯೇಕ ಶ್ರೇಣಿಯಿತ್ತು. ಆದರೆ ಉತ್ತಮ ಬಟ್ಟೆಗೆ ಬೇಕಾದ ಉಣ್ಣೆ ಬರುತ್ತಿದ್ದುದು ಇಂಗ್ಲೆಂಡಿನಿಂದ. ನಾಡಿನ ಒಡೆಯನಾದ ಕೌಂಟ್ ಲೂಯಿ ದ ನೆವೇರ್ ಫ್ರಾನ್ಸಿನ ಅರಸನ ಸಾಮಂತ. ಹೀಗೆ ನಾಡಿನ ನಿಷ್ಠೆ ಒಂದು ರಾಜ್ಯಕ್ಕೆ, ನಾಡಿನ ಅನ್ನ ಇನ್ನೊಂದು ರಾಜ್ಯದಿಂದ. ಆ ಎರಡು ರಾಜ್ಯಗಳಿಗೂ ಮುಂದೆ ನೂರು ವರ್ಷಗಳ ಯುದ್ಧವೆಂದು ಹೆಸರಾದ ವೈರವು ಆಗ ತಲೆಯೆತ್ತುತ್ತಿತ್ತು.

1336ರಲ್ಲಿ ಕೌಂಟನು ಫ್ಲಾಂಡರ್ಸಿನಲ್ಲಿದ್ದ ಇಂಗ್ಲಿಷ್ ವರ್ತಕರನ್ನು ಬಂಧಿಸಿದನು. ಇಂಗ್ಲೆಂಡಿನ ಮೂರನೆಯ ಎಡ್ವರ್ಡನು ಉಣ್ಣೆಯ ರಫ್ತನ್ನು ನಿಲ್ಲಿಸಿ ಉತ್ತರ ಕೊಟ್ಟನು. ಅರಸರಿಬ್ಬರ ಜಗಳದಲ್ಲಿ ಮಗ್ಗಗಳು ನಿಂತವು. ದಿನದ ಕೂಲಿಯಿಂದ ದಿನದ ಊಟ ಕಾಣುತ್ತಿದ್ದ ಸಂಸಾರಗಳು ಬೀದಿಗೆ ಬಂದವು. ಬಿಲ್ಲು ಹಿಡಿಯದೆ, ರಕ್ತ ಸುರಿಸದೆ, ಒಂದು ಆಜ್ಞೆಯ ಕಾಗದದಿಂದ ಸಾವಿರಾರು ಮನೆಗಳ ಒಲೆ ಆರಿಸಬಹುದೆಂಬುದು ಆಗ ಗೊತ್ತಾಯಿತು. ಹಿಂಸೆಯ ವಿಚಾರ ಮಾಡುವವರು ಈ ಬಗೆಯ ಹಿಂಸೆಯನ್ನು ಲೆಕ್ಕದಿಂದ ಬಿಡಬಾರದು.

ಈ ಸಂಕಟದಲ್ಲಿ ಮುಂದೆ ಬಂದವನು ಆರ್ಟೆವೆಲ್ಡೆ. ಸುಮಾರು 1290ರಲ್ಲಿ ಜನಿಸಿದ ಈತನಿಗೆ ಆಗ ಐವತ್ತರ ಹತ್ತಿರದ ವಯಸ್ಸು. ಶ್ರೀಮಂತ ಮನೆತನದವನು. ಅವನನ್ನು ಜೇನುಮದ್ಯ ತಯಾರಿಸುವವನೆಂದು ಫ್ರುವಾಸಾರ್ ಎಂಬ ಚರಿತ್ರಕಾರ ಕರೆದಿದ್ದಾನೆ. ಬಟ್ಟೆಯ ವ್ಯಾಪಾರಿಯೆಂದು ಹೇಳುವವರೂ ಇದ್ದಾರೆ. 1337ರ ಡಿಸೆಂಬರ್ 28ರಂದು ಗೆಂಟ್‌ನ ಬೈಲೋಕೆ ಮಠದ ಬಯಲಿನಲ್ಲಿ ಸೇರಿದ ಜನರ ಮುಂದೆ ಅವನು ತನ್ನ ಉಪಾಯವನ್ನು ವಿವರಿಸಿದನೆಂದು ಪ್ರತೀತಿ. ಅರಸರಿಬ್ಬರ ಕಲಹದಲ್ಲಿ ಫ್ಲಾಂಡರ್ಸ್ ಯಾರ ಪಕ್ಷವನ್ನೂ ಹಿಡಿಯಬಾರದು, ಇಂಗ್ಲೆಂಡಿನೊಡನೆ ವ್ಯಾಪಾರ ನಡೆಯಬೇಕು, ನಗರಗಳು ಒಟ್ಟಾಗಿ ನಿಲ್ಲಬೇಕು ಎಂಬುದು ಅದರ ಸಾರ. 1338ರ ಜನವರಿ ಆರಂಭದಲ್ಲಿ ನಗರವು ಐವರು ನಾಯಕರನ್ನು ಆರಿಸಿತು. ಅವರಲ್ಲಿ ಆರ್ಟೆವೆಲ್ಡೆ ಮೊದಲಿಗನಾದನು. ಗೆಂಟ್, ಬ್ರೂಜ್, ಈಪ್ರ ಈ ಮೂರು ನಗರಗಳೂ ಒಂದಾದವು. ಆ ವರ್ಷದಲ್ಲಿಯೇ ಇಬ್ಬರು ಅರಸರೂ ಫ್ಲಾಂಡರ್ಸಿನ ತಟಸ್ಥತೆಯನ್ನು ಒಪ್ಪಿಕೊಂಡರು. ಉಣ್ಣೆ ಬಂದಿತು, ಮಗ್ಗಗಳು ಮತ್ತೆ ಆಡಿದವು.

ಇಷ್ಟರಲ್ಲಿಯೇ ಈ ಚರಿತ್ರೆ ಮುಗಿದಿದ್ದರೆ ಒಬ್ಬ ವರ್ತಕನಿಗೆ ಇದಕ್ಕಿಂತ ಹೆಚ್ಚಿನ ಕೀರ್ತಿ ಬೇಕಿರಲಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ಲಾಭವಿರುವ ಮಾರ್ಗವನ್ನು ಕಂಡುಹಿಡಿಯುವುದು ವ್ಯಾಪಾರದ ಶ್ರೇಷ್ಠ ಗುಣ. ಅದನ್ನು ಅವನು ರಾಜ್ಯಗಳ ನಡುವೆ ನಡೆಸಿ ತೋರಿಸಿದನು.

ದಡದಿಂದ ಹೊಳೆಗೆ

ತಟಸ್ಥ ಎಂದರೆ ದಡದಲ್ಲಿ ನಿಂತವನು. ದಡದಲ್ಲಿ ನಿಲ್ಲುವುದಕ್ಕೂ ಬಲ ಬೇಕು. ಪ್ರವಾಹ ಏರಿದಾಗ ದಡವೇ ಕುಸಿಯುತ್ತದೆ. ಫ್ರಾನ್ಸಿನ ಅರಸನಿಗೆ ಈ ನಗರಗಳ ಸ್ವಾತಂತ್ರ್ಯ ಸಹಿಸಲಿಲ್ಲ. ಇಂಗ್ಲಿಷರೊಡನೆ ಸಂಧಾನ ನಡೆಸಿದ ಹಿರಿಯ ಸರದಾರನೊಬ್ಬನು 1338ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಕೌಂಟನು ಫ್ರಾನ್ಸಿನ ಆಶ್ರಯ ಪಡೆದನು. ಎಡ್ವರ್ಡನಿಗೂ ಉಣ್ಣೆಯ ಗಿರಾಕಿಗಳು ಸಾಲದಾದರು, ಯುದ್ಧದ ಜೊತೆಗಾರರು ಬೇಕಾದರು. ಆದುದರಿಂದ ಆರ್ಟೆವೆಲ್ಡೆಗೆ ಬೇರೆ ದಾರಿ ಇರಲಿಲ್ಲವೆಂದು ವಾದಿಸುವವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ.

ಆದರೆ ದಾರಿ ಬದಲಾದ ರೀತಿ ವಿಚಾರಣೀಯವಾಗಿದೆ. ಫ್ರಾನ್ಸಿನ ಅರಸನ ಮೇಲೆ ಶಸ್ತ್ರ ಎತ್ತುವುದಿಲ್ಲವೆಂದು ಫ್ಲಾಂಡರ್ಸಿನ ಜನರು ಪ್ರಮಾಣ ಮಾಡಿದ್ದರು. ಮುರಿದರೆ ಭಾರಿ ದಂಡವೂ ಇತ್ತು. ಆಗ ಒಂದು ಯುಕ್ತಿ ಹೊಳೆಯಿತು. ಎಡ್ವರ್ಡನೇ ಫ್ರಾನ್ಸಿನ ನಿಜವಾದ ಅರಸನೆಂದು ಸಾರಿಬಿಟ್ಟರೆ ಅವನ ಪರವಾಗಿ ಕಾದುವುದು ಪ್ರಮಾಣಭಂಗವಾಗುವುದಿಲ್ಲ! ಈ ಯುಕ್ತಿ ಆರ್ಟೆವೆಲ್ಡೆಯದೆಂದು ಹೇಳಲಾಗುತ್ತದೆ. 1340ರ ಜನವರಿ ತಿಂಗಳಲ್ಲಿ ಗೆಂಟ್‌ನ ಶುಕ್ರವಾರದ ಸಂತೆಚೌಕದಲ್ಲಿ ಎಡ್ವರ್ಡನು ಫ್ರಾನ್ಸಿನ ಅರಸನೆಂಬ ಬಿರುದನ್ನು ಧರಿಸಿದನು. ಪ್ರಮಾಣದ ಅಕ್ಷರ ಉಳಿಯಿತು, ಪ್ರಮಾಣ ಹೋಯಿತು. ಕರಾರಿನ ಶಬ್ದಗಳನ್ನು ಮುರಿಯದೆ ಕರಾರನ್ನು ಮುರಿಯುವ ಜಾಣ್ಮೆ ಎಲ್ಲ ಕಾಲದ ವ್ಯವಹಾರಸ್ಥರಿಗೂ ಪರಿಚಿತವೇ. ಸುಳ್ಳನ್ನು ಆಡದೆ ಸತ್ಯವನ್ನು ತಪ್ಪಿಸಿದವನು ಸತ್ಯವ್ರತವನ್ನು ಪಾಲಿಸಿದನೆಂದು ಹೇಳಲು ಸಾಧ್ಯವಿಲ್ಲ.

ಆ ವರ್ಷದ ಜೂನ್ 24ರಂದು ಸ್ಲೂಯಿಸ್ ಬಂದರಿನ ಬಳಿ ನಡೆದ ನೌಕಾಯುದ್ಧದಲ್ಲಿ ಫ್ರೆಂಚ್ ನೌಕಾಪಡೆ ನಾಶವಾಯಿತು. ಸಾವಿರಾರು ಜನ ಸತ್ತರು. ಅನಂತರ ಟೂರ್ನೆ ನಗರಕ್ಕೆ ಹಾಕಿದ ಮುತ್ತಿಗೆ ವಿಫಲವಾಗಿ ಸೆಪ್ಟೆಂಬರಿನಲ್ಲಿ ಕದನವಿರಾಮವಾಯಿತು. ಸಾಲ ಕೊಟ್ಟವರಿಗೆ ಹಣ ತೀರಿಸಲಾಗದೆ ಎಡ್ವರ್ಡನು ವರ್ಷದ ಕೊನೆಯಲ್ಲಿ ಗೆಂಟ್‌ನಿಂದ ಗುಟ್ಟಾಗಿ ಹೊರಟುಹೋದನು. ಉಣ್ಣೆಗಾಗಿ ಆರಂಭವಾದ ಸ್ನೇಹವು ಯುದ್ಧದ ಸಾಲಕ್ಕೆ ಜಾಮೀನಾಗಿ ಪರಿಣಮಿಸಿತು.

ಕೆಟ್ಟ ಸೋಮವಾರ

ನಗರದೊಳಗೂ ಪರಿಸ್ಥಿತಿ ಕೆಡುತ್ತಿತ್ತು. ಗೆಂಟ್‌ನ ಸ್ವಾತಂತ್ರ್ಯವೆಂದರೆ ಸುತ್ತಲಿನ ಹಳ್ಳಿಗಳ ಸ್ವಾತಂತ್ರ್ಯವಾಗಿರಲಿಲ್ಲ. ನಗರದ ಸುತ್ತಲಿನ ಪ್ರದೇಶದಲ್ಲಿ ಬಟ್ಟೆ ನೇಯಬಾರದೆಂಬ ಹಕ್ಕನ್ನು ನಗರವು 1314ರಲ್ಲಿಯೇ ಪಡೆದಿತ್ತು. ನಗರದ ಪಡೆಗಳು ಹಳ್ಳಿಗಳಿಗೆ ಹೋಗಿ ಮಗ್ಗಗಳನ್ನು ಮುರಿದುಹಾಕುತ್ತಿದ್ದವು. ತನ್ನ ಮಗ್ಗ ನಿಂತಾಗ ಅತ್ತವರೇ ಅನ್ಯರ ಮಗ್ಗವನ್ನು ಮುರಿದರು. ತನ್ನ ಹಸಿವು ಹಸಿವು, ನೆರೆಯವನ ಹಸಿವು ಪೈಪೋಟಿ ಎಂದು ಭಾವಿಸುವ ದೃಷ್ಟಿ ಇದು.

1343ರಲ್ಲಿ ಯಾನ್ ವಾನ್ ಸ್ಟೇನ್‌ಬೇಕೆ ಎಂಬ ನಾಗರಿಕನು ಆರ್ಟೆವೆಲ್ಡೆಯ ಅಧಿಕಾರ ಮಿತಿಮೀರಿದೆಯೆಂದು ಬಹಿರಂಗವಾಗಿ ಆಕ್ಷೇಪಿಸಿದನು. ನಗರ ಎರಡು ಪಕ್ಷವಾಯಿತು. ಕೊನೆಯಲ್ಲಿ ಆಕ್ಷೇಪಿಸಿದವನೇ ಗಡೀಪಾರಾದನು. ಆರ್ಟೆವೆಲ್ಡೆಯ ಪಾಲಿಗೆ ಇದು ಗೆಲುವಾಗಿ ಕಂಡಿರಬೇಕು. ಅವನ ಪತನದ ನಿಜವಾದ ಆರಂಭ ಇದೇ. ಪ್ರಶ್ನೆ ಕೇಳುವ ಒಬ್ಬನನ್ನು ಊರಿಂದ ಹೊರಹಾಕಬಹುದು, ಪ್ರಶ್ನೆಯನ್ನು ಹೊರಹಾಕಲಾಗದು. ಸಭೆಯಲ್ಲಿ ಬಾಯಿ ಕಟ್ಟಿದ ಪ್ರಶ್ನೆ ಬೀದಿಯಲ್ಲಿ ಬಾಯಿ ಬಿಡುತ್ತದೆ.

1345ರ ಮೇ 2ರಂದು ಕೂಲಿ ಹೆಚ್ಚಿಸಬೇಕೆಂದು ಕೇಳಿದ ಬಟ್ಟೆ ತುಳಿಯುವವರಿಗೂ ಕೂಲಿ ಕೊಡಬೇಕಾದ ನೇಕಾರರಿಗೂ ಅದೇ ಶುಕ್ರವಾರದ ಸಂತೆಚೌಕದಲ್ಲಿ ಕಾಳಗವಾಯಿತು. ನೂರಾರು ಜನರು, ಅವರಲ್ಲಿ ಬಹುಪಾಲು ಬಟ್ಟೆ ತುಳಿಯುವವರು, ಸತ್ತರೆಂದು ಅಂದಿನ ಬರಹಗಳು ಹೇಳುತ್ತವೆ. ಆ ದಿನಕ್ಕೆ ಕೆಟ್ಟ ಸೋಮವಾರವೆಂದು ಹೆಸರು ಬಂದಿತು. ಎಲ್ಲರ ಅನ್ನಕ್ಕಾಗಿ ನಾಯಕನಾದವನು ಒಂದು ತುತ್ತಿನ ಜಗಳವನ್ನು ತಡೆಯಲಾರದವನಾಗಿದ್ದನು. ನೇಕಾರರ ಮುಖ್ಯಸ್ಥನಾದ ಗೆರಾರ್ಡ್ ಡೆನಿಸ್ ಈಗ ಅವನಿಗೆ ಪ್ರತಿಸ್ಪರ್ಧಿಯಾಗಿ ಬೆಳೆದಿದ್ದನು.

ಲೆಕ್ಕದ ಬೇಡಿಕೆ

ಆ ವರ್ಷದ ಜುಲೈ ತಿಂಗಳಲ್ಲಿ ಎಡ್ವರ್ಡನು ಸ್ಲೂಯಿಸ್‌ಗೆ ಬಂದನು; ಆರ್ಟೆವೆಲ್ಡೆ ಅವನನ್ನು ಕಂಡನು. ಫ್ಲಾಂಡರ್ಸನ್ನು ಎಡ್ವರ್ಡನ ಮಗನಿಗೆ ಒಪ್ಪಿಸುವ ಮಾತಾಗಿದೆಯೆಂದೂ, ನಾಡಿನ ಬೊಕ್ಕಸದ ಹಣವನ್ನು ಗುಟ್ಟಾಗಿ ಇಂಗ್ಲೆಂಡಿಗೆ ಕಳುಹಿಸಿದ್ದಾನೆಂದೂ ಗೆಂಟ್‌ನಲ್ಲಿ ಸುದ್ದಿ ಹಬ್ಬಿತು. ಮೊದಲನೆಯದನ್ನು ಅನೇಕ ಇತಿಹಾಸಕಾರರು ನಂಬುವುದಿಲ್ಲ. ಎರಡನೆಯದಕ್ಕೆ ದೃಢವಾದ ಆಧಾರ ದೊರೆತಿಲ್ಲ.

ಅಂತ್ಯದ ದೃಶ್ಯವನ್ನು ಫ್ರುವಾಸಾರ್ ವರ್ಣಿಸಿದ್ದಾನೆ. ಘಟನೆಯ ಕಾಲಕ್ಕೆ ಅವನಿನ್ನೂ ಬಾಲಕ. ದೊಡ್ಡವನಾದ ಮೇಲೆ ಅರಮನೆಗಳ ಆಶ್ರಯದಲ್ಲಿ ಬರೆದವನು. ನಗರದ ಸಾಮಾನ್ಯರ ಬಗ್ಗೆ ಅವನಿಗೆ ಗೌರವ ಕಡಿಮೆ. ಆರ್ಟೆವೆಲ್ಡೆ ಹಲವು ಡಜನ್ ಶಸ್ತ್ರಧಾರಿಗಳೊಡನೆ ತಿರುಗುತ್ತಿದ್ದನು, ಆಗದವರನ್ನು ಕೊಲ್ಲಿಸುತ್ತಿದ್ದನು ಎಂಬ ಅವನ ಮಾತನ್ನು ಎಚ್ಚರಿಕೆಯಿಂದಲೇ ಓದಬೇಕು. ಆದರೂ ಅವನು ಹೇಳುವ ಒಂದು ಸಂಗತಿ ಮರೆಯುವಂಥದಲ್ಲ. ಜನರು ಮನೆಯನ್ನು ಸುತ್ತುವರಿದು ನಾಡಿನ ಹಣದ ಲೆಕ್ಕ ಕೇಳಿದರು. ಆರ್ಟೆವೆಲ್ಡೆ ಕಿಟಕಿಯಲ್ಲಿ ನಿಂತು, ತಾನು ಒಂದು ಕಾಸನ್ನೂ ತೆಗೆದಿಲ್ಲವೆಂದೂ, ಮರುದಿನ ಬೆಳಗ್ಗೆ ಬಂದರೆ ಲೆಕ್ಕ ಒಪ್ಪಿಸುವೆನೆಂದೂ ಹೇಳಿದನು. ಜನರು ಈಗಲೇ ಬೇಕೆಂದರು. ತಾನು ಮಾಡಿದ ಉಪಕಾರವನ್ನು ನೆನಪಿಸಿ ಅವನು ಕಣ್ಣೀರಿಟ್ಟನು. ಕೇಳುವವರಿರಲಿಲ್ಲ. ಹಿಂಬದಿಯಿಂದ ತಪ್ಪಿಸಿಕೊಂಡು ಚರ್ಚಿನ ಆಶ್ರಯ ಸೇರಬೇಕೆನ್ನುವಷ್ಟರಲ್ಲಿ ಹತನಾದನು. ಜುಲೈ 17ರಂದು ಇದು ನಡೆಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಹೊಣೆ ಯಾರದು?

ಇಲ್ಲಿ ಎರಡು ತಪ್ಪುಗಳು ಎದುರುಬದುರಾಗಿ ನಿಂತಿವೆ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡುವುದು ನ್ಯಾಯವಲ್ಲ.

ಜನರ ಬೇಡಿಕೆ ನ್ಯಾಯವಾದುದೇ. ತಮ್ಮ ಹಣದ ಲೆಕ್ಕವನ್ನು ಕೇಳುವುದು ಅವರ ಹಕ್ಕು. ಆದರೆ ಲೆಕ್ಕ ಬೇಕಾದವನು ಲೆಕ್ಕ ಹೇಳುವವನನ್ನು ಕೊಲ್ಲುವುದಿಲ್ಲ. ಒಂದು ರಾತ್ರಿ ಕಾಯಲಾರದವರಿಗೆ ಬೇಕಾಗಿದ್ದುದು ಲೆಕ್ಕವಲ್ಲ, ಕೋಪಕ್ಕೊಂದು ಗುರಿ. ಇಂಗ್ಲೆಂಡಿನೊಡನೆ ಇದ್ದ ಮೈತ್ರಿಯನ್ನು ಆ ನಗರಗಳು ಅವನ ಸಾವಿನ ಬಳಿಕವೂ ಕೆಲವು ವರ್ಷ ಮುಂದುವರಿಸಿದವು. ಅವನ ನೀತಿ ಅವರಿಗೆ ಬೇಕಾಗಿತ್ತು, ಅವನು ಬೇಡವಾಗಿದ್ದನು. ಕೊಲೆಯಲ್ಲಿ ಕೈಯಿಟ್ಟವರು ಕೆಲವರು, ಕೂಗಿ ಪ್ರೇರಿಸಿದವರು ಹಲವರು, ಸುದ್ದಿಯನ್ನು ಪರೀಕ್ಷಿಸದೆ ಒಬ್ಬರಿಂದೊಬ್ಬರಿಗೆ ದಾಟಿಸಿದವರು ಊರೆಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರರಲ್ಲಿ ಯಾವುದಕ್ಕೂ ವಿನಾಯಿತಿಯಿಲ್ಲ.

ಆರ್ಟೆವೆಲ್ಡೆಯ ದೋಷ ಬೇರೆ ಬಗೆಯದು. ಅವನು ಹಣ ಕದ್ದನೆಂದು ಸಿದ್ಧವಾಗಿಲ್ಲ. ಅವನು ಪ್ರಾಮಾಣಿಕನೆಂದೇ ಇಟ್ಟುಕೊಳ್ಳೋಣ. ಆಗಲೂ ಪ್ರಶ್ನೆ ಉಳಿಯುತ್ತದೆ. ನಾಳೆ ಬೆಳಗ್ಗೆ ಎಂಬ ಅವನ ಮಾತು ಕೇವಲ ಆ ದಿನದ ಮಾತಲ್ಲ. ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂಬುದನ್ನು ತಾನೇ ನಿರ್ಧರಿಸುವ ಅಭ್ಯಾಸ ಅವನಿಗೆ ಬಂದಿತ್ತು. ಸ್ಟೇನ್‌ಬೇಕೆ ಕೇಳಿದಂದೇ ಸಭೆಯಲ್ಲಿ ಉತ್ತರಿಸಿದ್ದರೆ, ಎರಡು ವರ್ಷಗಳ ಬಳಿಕ ಅವನ ಕಿಟಕಿಯ ಮಾತನ್ನು ನಂಬುವವರು ಕೆಲವರಾದರೂ ಇರುತ್ತಿದ್ದರು. ನಂಬಿಕೆಯೆಂಬುದು ಸಂಕಟದ ದಿನ ಸಾಲವಾಗಿ ದೊರೆಯುವ ವಸ್ತುವಲ್ಲ. ಸಾಮಾನ್ಯ ದಿನಗಳಲ್ಲಿ ಜಮೆಯಾದುದನ್ನೇ ಅಂದು ಖರ್ಚು ಮಾಡಬೇಕು. ವಿಚಿತ್ರವೆಂದರೆ, ಆ ಕಾಲದ ಗೆಂಟ್ ನಗರದ ಲೆಕ್ಕಪತ್ರಗಳು ಇಂದಿಗೂ ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚೂ ಆಗಿವೆ. ಲೆಕ್ಕ ಬರೆಯಲ್ಪಡುತ್ತಿತ್ತು. ಬೀದಿಯಲ್ಲಿ ಕೂಗುತ್ತಿದ್ದವನಿಗೆ ಅದನ್ನು ತೋರಿಸುವ ರೂಢಿ ಇರಲಿಲ್ಲ.

ಪರಿಗ್ರಹವೆಂದರೆ ವಸ್ತುವಲ್ಲ, ನನ್ನದೆಂಬ ಭಾವ. ಈ ಅಳತೆಯಿಂದ ನೋಡಿದರೆ ಆರಂಭದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅಧಿಕಾರವನ್ನು ಹೊಂದಿದವನು ಲೆಕ್ಕ ಒಪ್ಪಿಸುವುದನ್ನು ಕರ್ತವ್ಯವೆಂದು ತಿಳಿಯುವವರೆಗೆ ಅದು ಸೇವೆ; ಉಪಕಾರವೆಂದು ತಿಳಿದ ದಿನದಿಂದ ಅದು ಪರಿಗ್ರಹ. ಜನರಿಗೆ ಒಳಿತು ಮಾಡಿದ್ದೇನೆಂಬ ನೆನಪು ಈ ಬದಲಾವಣೆಯನ್ನು ಕಾಣದಂತೆ ಮಾಡುತ್ತದೆ. ಕೆಟ್ಟವನಿಗಿಂತ ಒಳ್ಳೆಯವನಿಗೇ ಈ ಅಪಾಯ ಹೆಚ್ಚು.

ಹಿಂಸೆಯ ಸರಪಳಿ ಅಲ್ಲಿಗೆ ಕಡಿಯಲಿಲ್ಲ. 1349ರ ಜನವರಿಯಲ್ಲಿ ನೇಕಾರರ ಪಕ್ಷ ಸೋತು, ಡೆನಿಸ್‌ನೂ ಹತನಾದನು. ಆರ್ಟೆವೆಲ್ಡೆಯ ಮಗ ಫಿಲಿಪ್ ಮುಂದೆ ಅದೇ ನಗರದ ನಾಯಕನಾಗಿ 1382ರ ನವೆಂಬರಿನಲ್ಲಿ ವೆಸ್ಟ್‌ರೋಜೆಬೇಕೆಯ ಯುದ್ಧಭೂಮಿಯಲ್ಲಿ ಸತ್ತನು. 1863ರಲ್ಲಿ ಗೆಂಟ್ ನಗರವು ಶುಕ್ರವಾರದ ಸಂತೆಚೌಕದಲ್ಲಿ ಆರ್ಟೆವೆಲ್ಡೆಯ ಪ್ರತಿಮೆಯನ್ನು ನಿಲ್ಲಿಸಿತು. ಕೂಲಿ ಕೇಳಿದವರ ರಕ್ತ ಹರಿದ ಚೌಕವೂ ಅದೇ.

ಪರರ ಹಣವನ್ನು ನಂಬಿಕೆಯಿಂದ ಕಾಯುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಸಂಘ, ಸಂಸ್ಥೆ, ನಿಧಿ, ದತ್ತಿ ಯಾವುದೇ ಇರಲಿ, ಯಾರೂ ಕೇಳದ ವರ್ಷದಲ್ಲಿಯೂ ಲೆಕ್ಕವನ್ನು ಎಲ್ಲರೆದುರು ಓದುವುದು ಅವರ ಧರ್ಮ. ಕೇಳುವವನನ್ನು ವೈರಿಯೆಂದು ಎಣಿಸದಿರುವುದು ಅದಕ್ಕಿಂತ ಕಠಿಣವಾದ ಧರ್ಮ. ಕೇಳುವವರಿಗೂ ಒಂದು ಧರ್ಮವಿದೆ: ಉತ್ತರ ಬರುವವರೆಗೆ ಕಾಯುವುದು, ಬಂದ ಉತ್ತರವನ್ನು ಕಿವಿಗೊಟ್ಟು ಕೇಳುವುದು. ಈ ಇಬ್ಬರೂ ತಮ್ಮ ತಮ್ಮ ಧರ್ಮವನ್ನು ಪಾಲಿಸಿದರೆ ಲೆಕ್ಕದ ಪುಸ್ತಕ ಸಭೆಯಲ್ಲಿಯೇ ತೆರೆದು ಸಭೆಯಲ್ಲಿಯೇ ಮುಚ್ಚುತ್ತದೆ.