ಮುಯ್ಯಿ ಪುಸ್ತಕಕ್ಕೆ ಸೇರದ ಮದುವೆ

ಮದುವೆಯ ಕಾಲ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮನೆಗಳಿಗೆ ಈಗ ಎರಡು ಬಗೆಯ ಕರೆಯೋಲೆ ಬರುತ್ತದೆ. ಒಂದು, ಮೂಲೆಗೆ ಅರಿಶಿನ ಹಚ್ಚಿ, ಮೊದಲ ಪ್ರತಿಯನ್ನು ಮಾದಪ್ಪನ ಪಾದಕ್ಕಿಟ್ಟು, ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಹಂಚುವ ಲಗ್ನಪತ್ರಿಕೆ. ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲಿ ಬರುವ ವಿಡಿಯೊ. ಅದರಲ್ಲಿ ತೆಂಗಿನ ತೋಟ, ಹುಲ್ಲುಹಾಸು, ಬಿಳಿ ಹೂವಿನ ಮಂಟಪ, ಹಿಂದೆ ಕಡಲು. ಜಾಗ ಗೋಕರ್ಣವೋ ಬೇಕಲವೋ ಕಲ್ಲಿಕೋಟೆಯೋ ಪುದುಚೇರಿಯೋ ಆಗಿರುತ್ತದೆ. ಆಹ್ವಾನ ಹತ್ತಿರದವರಿಗೆ ಮಾತ್ರ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಕಳಿಸಿದ ಈ ವಿಡಿಯೊ ನೋಡಿ ಜಗಲಿಯ ಮೇಲೆ ಕೂತ ಹಿರಿಯರು ಫೋನನ್ನು ಪಕ್ಕಕ್ಕಿಟ್ಟು ಹೇಳುವುದು ಒಂದೇ ಮಾತು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು.

ಈ ಗಾದೆಯನ್ನು ಖರ್ಚಿನ ಎಚ್ಚರಿಕೆ ಎಂದು ಓದುವವರೇ ಹೆಚ್ಚು. ಸಾಲದ ಅರ್ಜಿ ತುಂಬುವಾಗ, ಚಿನ್ನದ ದರ ಕೇಳಿದಾಗ, ಛತ್ರದ ಮುಂಗಡ ಕಟ್ಟುವಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ಆದರೆ ಈ ಅರ್ಥ ಅರ್ಧ ದಾರಿಗೇ ನಿಲ್ಲುತ್ತದೆ. ದುಡ್ಡಷ್ಟೇ ಮುಖ್ಯವಾಗಿದ್ದರೆ ಗಾದೆ ಜಮೀನು ಕೊಳ್ಳುವುದನ್ನೂ ಜೋಡೆತ್ತು ತರುವುದನ್ನೂ ಹೇಳಬಹುದಿತ್ತು. ಅವೂ ಒಕ್ಕಲು ಮನೆಗೆ ಭಾರವಾದ ಖರ್ಚುಗಳೇ. ‘ಕಷ್ಟ, ಆ ಕೆಲಸಕ್ಕೆ ಕೈಹಾಕಬೇಡ’ ಎಂಬ ಬೆದರಿಕೆ ಇದರಲ್ಲಿದೆ ಎನ್ನುವವರಿದ್ದಾರೆ. ಮನೆಯನ್ನೂ ಮದುವೆಯನ್ನೂ ಬಿಟ್ಟು ಬಾಳಿ ಎಂದು ಯಾವ ಊರೂ ತನ್ನ ಮಕ್ಕಳಿಗೆ ಹೇಳಿದ್ದಿಲ್ಲ. ಇನ್ನು ಮದುವೆ ವ್ಯವಸ್ಥಾಪಕರ ಜಾಹೀರಾತುಗಳು ಇದೇ ಮಾತನ್ನು ‘ಮಾಡಿ, ನಾಲ್ಕು ಜನಕ್ಕೆ ತೋರಿಸಿ’ ಎಂದು ತಿರುಗಿಸಿಕೊಂಡಿವೆ. ಅದಕ್ಕೆ ಉತ್ತರ ಬೇಡ.

ಮನೆಯನ್ನೂ ಮದುವೆಯನ್ನೂ ಗಾದೆ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಕಾರಣ ಇಷ್ಟೇ: ಒಬ್ಬರ ಕೈಯಲ್ಲಿ, ಒಂದೇ ಮನೆಯವರಿಂದ ಆಗದ ಕೆಲಸಗಳು ಇವೆರಡು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡಿನ ಕಾಲದಲ್ಲಿ ಮನೆಗೆ ಸಾಮಾನು ಸುತ್ತಮುತ್ತಲೇ ಸಿಗುತ್ತಿತ್ತು. ಸಿಗಬೇಕಾದದ್ದು ಆಳು. ಮಣ್ಣು ತುಳಿಯಲು, ತೊಲೆ ಎತ್ತಲು, ಹೆಂಚು ಕೈಬದಲಿಸಲು ಕೇರಿಯ ಜನ ಬರಬೇಕಿತ್ತು. ಬಂದವರಿಗೆ ಕೂಲಿ ಇಲ್ಲ. ನಾಳೆ ಅವರ ಮನೆಯ ಕೆಲಸಕ್ಕೆ ಇವರು ಹೋಗಬೇಕು. ಹೊಲದ ಕೆಲಸದಲ್ಲಿ ಇದನ್ನೇ ಮುಯ್ಯಾಳು ಎನ್ನುತ್ತಾರೆ. ಮದುವೆಯಲ್ಲಿ ಅದು ಮುಯ್ಯಿ.

ಮುಯ್ಯಿ ಎಂದರೇನೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಧಾರೆ ಮುಗಿಯುತ್ತಿದ್ದಂತೆ ಬಾಗಿಲ ಬಳಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಹೆಸರು, ಊರು, ಕೊಟ್ಟ ಹಣ ಮೂರನ್ನೂ ಬರೆಯುತ್ತಾರೆ. ಮದುವೆಯ ಗಲಾಟೆ ಮುಗಿದರೂ ಆ ಪುಸ್ತಕ ಟ್ರಂಕಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅದನ್ನು ತೆಗೆದು ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸುತ್ತಾರೆ. ಸೇರಿಸಿದ್ದು ಹೊಸ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ಈ ಲೆಕ್ಕ ಯಾವತ್ತೂ ಚುಕ್ತಾ ಆಗುವುದಿಲ್ಲ, ಆಗಬಾರದು ಕೂಡ. ಯಾರ ಮನೆಗೆ ಯಾರು ಬೇಕಾದವರು ಎಂಬುದಕ್ಕೆ ಬ್ಯಾಂಕಿನ ಪಾಸ್‌ಬುಕ್ಕಿಗಿಂತ ನಂಬಿಕೆಯ ದಾಖಲೆ ಅದು.

ಹಣ ಅದರಲ್ಲಿ ಚಿಕ್ಕ ಭಾಗ. ಚಪ್ಪರದ ದಿನ ತೆಂಗಿನ ಗರಿ ಕಡಿದು ತಂದು ಹೆಣೆಯುವವರು, ಹಾಲುಗಂಬ ನೆಡುವವರು, ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಈಳಿಗೆಮಣೆ ಹೊತ್ತು ಬರುವ ಹೆಂಗಸರು, ಸೋಬಾನೆ ಹೇಳುವ ಅಜ್ಜಿಯರು, ಪಂಕ್ತಿಗೆ ಎಲೆ ಹಾಕುವ ಹುಡುಗರು, ಬೀಗರೂಟಕ್ಕೆ ಸೌದೆ ಒಲೆ ಹೂಡುವವರು: ಇವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಆದರೆ ಎಲ್ಲರ ನೆನಪಿನಲ್ಲಿರುತ್ತದೆ. ಮದುವೆ ಮಾಡಿ ನೋಡು ಎಂದು ಗಾದೆ ಕೇಳುತ್ತಿರುವುದು ಇವರನ್ನೇ. ಚಪ್ಪರಕ್ಕೆ ಗರಿ ಹೊತ್ತು ಬರಲು ನಿನಗೆ ಎಷ್ಟು ಜನ ಇದ್ದಾರೆ, ಅವರ ಚಪ್ಪರಕ್ಕೆ ನೀನು ಎಷ್ಟು ಸಲ ಹೋಗಿದ್ದೆ? ಇದು ಪರ್ಸಿನ ಪರೀಕ್ಷೆಯಲ್ಲ, ನಂಟಿನ ಪರೀಕ್ಷೆ.

ಕಡಲ ತೀರದ ತೋಟದಲ್ಲಿ ಮದುವೆಯಾದವರು ನಾಲ್ಕಾರು ವರ್ಷ ಕಳೆದ ಮೇಲೆ ಆ ದಿನವನ್ನು ನೆನೆಯುವಾಗ ಇದೇ ಪ್ರಶ್ನೆ ಎದುರಾಗುತ್ತದೆ. ಫೋಟೊಗಳು ಚೆನ್ನಾಗಿವೆ. ಪಡುಗಡಲಿನ ಸೂರ್ಯಾಸ್ತ, ಗಾಳಿಗೆ ಹಾರುವ ಸೆರಗು, ಗಡಿಬಿಡಿಯಿಲ್ಲದ ಊಟ. ಇಬ್ಬರ ಅಪ್ಪ ಅಮ್ಮಂದಿರು ಓಡಾಡಿ ದಣಿಯದೆ ಪಕ್ಕದಲ್ಲೇ ಕೂತು ಧಾರೆ ನೋಡಿದ ಸಮಾಧಾನವೂ ನಿಜ; ಊರಿನ ಮದುವೆಯಲ್ಲಿ ಹೆಣ್ಣಿನ ತಾಯಿಗೆ ಆ ಭಾಗ್ಯ ಸಿಗುವುದು ಅಪರೂಪ. ಹೂವು, ಮಂಟಪ, ಅಡುಗೆ, ದೀಪ, ಸಂಗೀತ ಎಲ್ಲಕ್ಕೂ ಒಂದೇ ಬಿಲ್ಲು. ಬಿಲ್ಲು ಪಾವತಿಯಾದೊಡನೆ ಲೆಕ್ಕ ಮುಗಿಯಿತು. ಯಾರಿಗೂ ಏನೂ ಕೊಡಬೇಕಾಗಿಲ್ಲ, ಯಾರಿಂದಲೂ ಏನೂ ಬರಬೇಕಾಗಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಮಾತ್ರ ಬೀದಿಯಲ್ಲಿ ಎದುರಾದ ಅಜ್ಜಿ ಕೈಹಿಡಿದು ಕೇಳುತ್ತಾಳೆ: ‘ಮದ್ವ ಆಯ್ತಂತಲ್ಲ ಮಗ, ನಮ್ಗ ಒಂದ್ ಮಾತೂ ಯೋಳ್ನಿಲ್ವಲ್ಲ.’ ಆ ಮಾತಿನಲ್ಲಿ ಊಟ ತಪ್ಪಿದ ಬೇಸರಕ್ಕಿಂತ, ತನ್ನನ್ನು ಲೆಕ್ಕದಿಂದ ಬಿಟ್ಟರಲ್ಲ ಎಂಬ ನೋವು ದೊಡ್ಡದು.

ಇದನ್ನು ಕಡಲಿನ ತಪ್ಪೆಂದು ಹೇಳುವಂತಿಲ್ಲ, ದೂರದ ತಪ್ಪೆಂದೂ ಅಲ್ಲ. ಕಲ್ಲಿಕೋಟೆಯ ಕಡಲಿನಿಂದ ಹೊರಟು ವಯನಾಡಿನ ಘಾಟಿ ಹತ್ತಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 766 ಮುಗಿಯುವುದು ಕೊಳ್ಳೇಗಾಲದಲ್ಲೇ. ಕಡಲು ಈ ಊರಿಗೆ ಒಂದೇ ರಸ್ತೆಯಷ್ಟು ದೂರ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ದಿಬ್ಬಣದ ಬಸ್ಸು ಹೊತ್ತಿಗೆ ಮುಂಚೆ ಹೊರಡಬೇಕು, ಅಷ್ಟೇ. ಬೀಗತನಕ್ಕೆ ಗಡಿ ದಾಟುವುದೂ ಇಲ್ಲಿ ಹೊಸದಲ್ಲ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲ ಮೈಸೂರಿಗೆ ಬಂದ ದಿನವೇ ಬೇಕಲವಿರುವ ಕಾಸರಗೋಡು ಕೇರಳಕ್ಕೆ ಹೋಯಿತು. ಸರ್ಕಾರದ ನಕ್ಷೆ ಬದಲಾದರೂ ಗಡಿಯಾಚೆ ಉಳಿದ ತಾಳವಾಡಿಯ ಕನ್ನಡ ಮನೆಗಳ ಜೊತೆ ಈ ಸೀಮೆಯ ಕೊಡು–ಕೊಳ್ಳುವಿಕೆ ನಿಲ್ಲಲಿಲ್ಲ. ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರ್ ದೂರದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ತಾಳಿ ಕಟ್ಟಿಸಿಕೊಂಡು ಬಂದವರು ಎಷ್ಟು ಮನೆಗಳಲ್ಲಿಲ್ಲ! ಊರು ಬಿಟ್ಟು ಮದುವೆಯಾಗುವುದನ್ನು ಹನೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಜನ ಕಡಿಮೆಯಾದದ್ದೂ ದೋಷವಲ್ಲ. 2020ರ ಮೇ ತಿಂಗಳಲ್ಲಿ ಮದುವೆಗೆ 50 ಜನರ ಮಿತಿ ಬಂದಾಗ ಅಂಗಳದಲ್ಲೇ ಚಪ್ಪರ ಹಾಕಿ ಧಾರೆ ಎರೆದ ಮನೆಗಳು ಇಲ್ಲಿ ಬಹಳ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಗೆ ಕುವೆಂಪು ಮಂತ್ರಮಾಂಗಲ್ಯವನ್ನು ರೂಪಿಸಿದರು. ಆಡಂಬರವಿಲ್ಲ, ಕಾಸಿನ ಹೊರೆಯಿಲ್ಲ. ಅದೇ ದಾರಿಯಲ್ಲಿ ಇಂದಿಗೂ ನಾಡಿನಲ್ಲಿ ಮದುವೆಗಳಾಗುತ್ತಿವೆ. ಸರಳ ಮದುವೆ ಊರನ್ನು ಹೊರಗಿಡಬೇಕಾಗಿಲ್ಲ. ಕೆಲವೇ ಜನರಿಗೆ ದುಬಾರಿ ಕೊಠಡಿ ಕಾದಿರಿಸಿ ಉಳಿದವರನ್ನು ಪಟ್ಟಿಯಿಂದ ತೆಗೆಯುವುದನ್ನು ಸರಳತೆ ಎಂದು ಕರೆಯಲಾಗದು.

ಕನ್ನಡ ಚಿತ್ರರಂಗದ ಒಂದು ಜೋಡಿ ಇದನ್ನು ಸರಿಯಾಗಿ ಅರಿತಿತ್ತು. ಯಶ್ ಮತ್ತು ರಾಧಿಕಾ ಪಂಡಿತ್ 2016ರ ಆಗಸ್ಟ್‌ನಲ್ಲಿ ಗೋವಾದಲ್ಲಿ ನಿಶ್ಚಿತಾರ್ಥ ಮಾಡಿಕೊಂಡರು. ಅದು ಹತ್ತಿರದವರ ನಡುವಿನ ಸಂಭ್ರಮ. ಮದುವೆಗೆ ಮಾತ್ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದರು, ಅರಮನೆ ಮೈದಾನದಲ್ಲಿ ಅಭಿಮಾನಿಗಳಿಗೂ ಆರತಕ್ಷತೆ ಇಟ್ಟರು. ಕಡಲನ್ನೂ ಜನವನ್ನೂ ಬೇರೆ ಬೇರೆ ದಿನಕ್ಕೆ ಹಂಚಿದರೆ ಎರಡಕ್ಕೂ ಜಾಗವಾಗುತ್ತದೆ.

ಇದಕ್ಕಿಂತ ಹಳೆಯ, ಇದಕ್ಕಿಂತ ಹತ್ತಿರದ ಸಾಕ್ಷಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂಬುದು ಅಲ್ಲಿನ ಐತಿಹ್ಯ. ಅಂದಿನಿಂದ ಸೋಲಿಗರಿಗೆ ಆತ ಭಾವ. ದೇವರನ್ನು ಭಾವನೆಂದು ಕರೆಯುವ ಸಲುಗೆ ಒಂದು ಮದುವೆಯಿಂದ ಹುಟ್ಟಿತು. ಸೋಲಿಗರ ಪೋಡುಗಳಲ್ಲಿ ಇನ್ನೊಂದು ರೂಢಿ ಇತ್ತು. ಮೆಚ್ಚಿದ ಹುಡುಗ ಹುಡುಗಿ ಕಾಡಿಗೆ ಓಡಿಹೋಗಿ ಕೆಲವು ದಿನ ಅಲ್ಲೇ ಇರುತ್ತಿದ್ದರು. ಹಿಂದಿರುಗಿದಾಗ ಯಜಮಾನರು ಸೇರಿ ಸಣ್ಣ ತಪ್ಪುಕಾಣಿಕೆ ಹಾಕಿ, ಊಟ ಮಾಡಿ, ಜೋಡಿಯನ್ನು ಕುಲದೊಳಗೆ ಸೇರಿಸಿಕೊಳ್ಳುತ್ತಿದ್ದರು. ಮದುವೆ ಕಾಡಿನಲ್ಲಾಗಿತ್ತು, ಅದು ಪೂರ್ತಿಯಾದದ್ದು ಪೋಡಿಗೆ ಮರಳಿ ಎಲ್ಲರೆದುರು ಕೂತು ಉಂಡಾಗ. ಗಾದೆಯನ್ನು ಕೇಳದೆಯೇ ಸೋಲಿಗರು ಅದರ ಸಾರವನ್ನು ನಡೆಸಿ ತೋರಿಸಿದ್ದರು.

ಇಷ್ಟು ಹೇಳಿದ ಮೇಲೆ ಊರಿನ ತಪ್ಪನ್ನೂ ಹೇಳಲೇಬೇಕು. ಹಳೆಯ ಮದುವೆಗಳ ಪಂಕ್ತಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಚಪ್ಪರಕ್ಕೆ ದುಡಿದ ಕೈಗಳಲ್ಲಿ ಕೆಲವಕ್ಕೆ ಎಲೆ ಹಾಕಿದ್ದು ಹಿತ್ತಲಿನಲ್ಲಿ. ಜಾತಿ ಮೀರಿ ಮೆಚ್ಚಿಕೊಂಡ ಜೋಡಿಗಳಿಗೆ ಊರಿನಲ್ಲಿ ಚಪ್ಪರ ಹಾಕಲು ಇಂದಿಗೂ ಎದೆ ನಡುಗುತ್ತದೆ. ಅಂಥವರು ಕಡಲ ತೀರಕ್ಕೆ ಹೋಗಿ ಹಾರ ಬದಲಿಸಿಕೊಂಡರೆ ಗಾದೆಯ ಪರೀಕ್ಷೆಯಲ್ಲಿ ಸೋತದ್ದು ಊರು, ಜೋಡಿಯಲ್ಲ. ಈ ನೆಲದಲ್ಲೇ ಇದಕ್ಕೆ ಉತ್ತರವೂ ಇದೆ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿಭೇದವಿಲ್ಲದೆ ಜನ ಒಟ್ಟಿಗೆ ಕೂತು ಉಣ್ಣುತ್ತಾರೆ. ಜಾತ್ರೆಯಲ್ಲಿ ಸಾಧ್ಯವಾದದ್ದು ಮದುವೆ ಚಪ್ಪರದಲ್ಲಿ ಸಾಧ್ಯವಾಗಬಾರದೇಕೆ? ಚಿಕ್ಕಲ್ಲೂರಿಗೆ ಹೋಗಿ ಪ್ರಸಾದ ಉಂಡು ಬಂದವರು ಮಗಳು ಮೆಚ್ಚಿದವನ ಜಾತಿ ಕೇಳಿ ಬಾಗಿಲು ಹಾಕಿಕೊಳ್ಳುವುದು ಸಲ್ಲದು.

ಹೆಣ್ಣಿನ ಕಡೆಯ ಹೊರೆ ಇನ್ನೊಂದು ವಿಷಯ. ಯಳಂದೂರಿನ ಸಂಚಿ ಹೊನ್ನಮ್ಮ 17ನೆಯ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದುಕೊಂಡು, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಗೃಹಿಣಿಯ ಧರ್ಮ ಹೇಳಹೊರಟ ಆ ಕೃತಿಯೊಳಗೇ ಹೆಣ್ಣೆಂದು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸಿದಳು. ಮೂರು ಶತಮಾನ ದಾಟಿದರೂ ಅವಳ ಊರಿನ ಸುತ್ತ ಹೆಣ್ಣು ಹೆತ್ತವರು ಮದುವೆಗಾಗಿ ಸಾಲ ಮಾಡುವುದು ನಿಂತಿಲ್ಲ. ಮುಯ್ಯಿ ಆ ಹೊರೆಯನ್ನು ಹತ್ತು ಮನೆಗೆ ಹಂಚುತ್ತಿತ್ತು. ಕಡಲ ತೀರದ ಒಂದೇ ಬಿಲ್ಲು ಅದನ್ನು ಒಬ್ಬನ ಹೆಗಲ ಮೇಲೆ ಹಾಕುತ್ತದೆ. ಮಕ್ಕಳೇ ದುಡಿದು ಖರ್ಚು ಹೊತ್ತರೆ ಅದು ಅವರ ಇಷ್ಟ. ಮಗಳ ವಿಡಿಯೊಗಾಗಿ ಅಪ್ಪ ರೇಷ್ಮೆಗೂಡಿನ ಹಣವನ್ನೂ ಮೀರಿ ಬಡ್ಡಿಗೆ ತಂದರೆ ಅದು ಅನ್ಯಾಯ. 1972ರಲ್ಲಿ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ಆರಂಭವಾದದ್ದೂ, 2020ರಲ್ಲಿ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ‘ಸಪ್ತಪದಿ’ ಯೋಜನೆ ತಂದದ್ದೂ ಈ ಅನ್ಯಾಯ ತಡೆಯಲೆಂದೇ. ಮಾದಪ್ಪನ ಬೆಟ್ಟದಲ್ಲೂ ಸಾಮೂಹಿಕ ವಿವಾಹಗಳು ನಡೆದಿವೆ. ಅವುಗಳಿಗೆ ಹೋಗುವುದನ್ನು ಬಡತನದ ಗುರುತೆಂದು ನೋಡುವ ದೃಷ್ಟಿ ತೊಲಗಬೇಕು.

2023ರ ನವೆಂಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ, ವಿದೇಶಕ್ಕೆ ಹೋಗದೆ ದೇಶದೊಳಗೇ ಮದುವೆ ಮಾಡಿ ಎಂದು ಕರೆ ಕೊಟ್ಟರು. ಹಣ ದೇಶದಲ್ಲೇ ಉಳಿಯಲಿ ಎಂಬುದು ಅದರ ಕಾಳಜಿ. ಆ ಕಾಳಜಿಯನ್ನು ಇನ್ನೂ ಹತ್ತಿರಕ್ಕೆ ತಂದುಕೊಂಡರೆ ಅದು ಕೊಳ್ಳೇಗಾಲಕ್ಕೇ ಮುಟ್ಟುತ್ತದೆ. ಕೊಳ್ಳೇಗಾಲ ರೇಷ್ಮೆ ಸೀರೆ ನೇಯುವ ಊರು. ಅದರ ಸೀರೆ ಉಟ್ಟು ನಾಡಿನ ಹೆಣ್ಣುಮಕ್ಕಳು ಹಸೆಮಣೆ ಏರುತ್ತಾರೆ. ಊರಿನ ಮದುವೆಗೆ ಊರಿನ ಮಗ್ಗದ ಸೀರೆ, ಊರಿನ ಹೂವಾಡಗಿತ್ತಿಯ ಮಲ್ಲಿಗೆ, ಊರಿನ ವಾಲಗದವರು, ಊರಿನ ಅಡುಗೆಯವರು ಎಂದರೆ ಖರ್ಚಾದ ರೂಪಾಯಿ ಅದೇ ಬೀದಿಯಲ್ಲಿ ನಾಲ್ಕು ಮನೆ ಸುತ್ತಿ ಬರುತ್ತದೆ. ತೋಟ ಬೇಕೆಂದರೆ ಯಳಂದೂರಿನ ಸುವರ್ಣಾವತಿ ಬಯಲಿನಲ್ಲಿ ತೆಂಗು ಬಾಳೆಯ ತೋಟಗಳಿವೆ. ನೀರಿನ ಸದ್ದು ಬೇಕೆಂದರೆ ಕೊಳ್ಳೇಗಾಲದ ಮಗ್ಗುಲಲ್ಲೇ ಭರಚುಕ್ಕಿಯಲ್ಲಿ ಕಾವೇರಿ ಧುಮುಕುತ್ತಾಳೆ.

ಕಡಲ ಬಳಿಯೇ ಮದುವೆ ಎಂದು ನಿಶ್ಚಯಿಸಿದವರು ಅದನ್ನು ಬಿಡಬೇಕಾಗಿಲ್ಲ. ಹೊರಡುವ ಮುನ್ನ ಊರಿನ ಮನೆಯ ಮುಂದೆ ಚಪ್ಪರ ಹಾಕಿಸಿ, ಗರಿ ತರಲು ಕೇರಿಯವರನ್ನು ಕರೆಯಿರಿ. ಅರಿಶಿನ ಶಾಸ್ತ್ರ ಅಲ್ಲೇ ಆಗಲಿ, ಸೋಬಾನೆ ಹೇಳುವ ಅಜ್ಜಿಯರಿಗೆ ಮೊದಲ ತಾಂಬೂಲ ಸಲ್ಲಲಿ. ಕಡಲಿನಿಂದ ಮರಳಿದ ವಾರವೇ ಬೀಗರೂಟ ಇಟ್ಟು, ಜಾತಿ ನೋಡದೆ ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ. ಈಗಾಗಲೇ ಕಡಲ ತೀರದಲ್ಲಿ ಮದುವೆಯಾಗಿ ಬಂದವರಿಗೂ ಹೊತ್ತು ಮೀರಿಲ್ಲ: ಮೊದಲ ಮಗುವಿನ ನಾಮಕರಣವನ್ನೋ ಹೊಸ ಮನೆಯ ಗೃಹಪ್ರವೇಶವನ್ನೋ ಊರಿನಲ್ಲಿ ಇಟ್ಟುಕೊಳ್ಳಿ, ಬಾಗಿಲ ಬಳಿ ಮುಯ್ಯಿ ಪುಸ್ತಕ ಹಿಡಿದು ಒಬ್ಬರನ್ನು ಕೂರಿಸಿ.