ಅಣಬೆ, ಅರ್ಜಿ ಮತ್ತು ಮನೆತನದ ಗುಟ್ಟು

ಅಮೆರಿಕದ ಆರೆಗನ್ ರಾಜ್ಯದ ಮತದಾರರು 2020ರ ನವೆಂಬರಿನಲ್ಲಿ ಒಂದು ಹೊಸ ಬಗೆಯ ಕಾನೂನಿಗೆ ಒಪ್ಪಿಗೆ ಕೊಟ್ಟರು. ಸಿಲೋಸೈಬಿನ್ ಎಂಬ ರಾಸಾಯನಿಕವುಳ್ಳ ಅಣಬೆಯನ್ನು, ಲೈಸೆನ್ಸ್ ಇರುವ ಕೇಂದ್ರದಲ್ಲಿ, ತರಬೇತಿ ಪಡೆದ ಮಾರ್ಗದರ್ಶಕರ ಎದುರಿಗೆ, 21 ವರ್ಷ ತುಂಬಿದವರು ಸೇವಿಸಬಹುದು. 2023ರಲ್ಲಿ ಕೇಂದ್ರಗಳು ಬಾಗಿಲು ತೆರೆದವು. ಡಾಕ್ಟರ ಚೀಟಿ ಬೇಕಿಲ್ಲ. ಆದರೆ ನೇರವಾಗಿ ಹೋಗಿ ನುಂಗಿ ಬರುವ ಹಾಗೂ ಇಲ್ಲ. ಮೊದಲು ತಯಾರಿಯ ಭೇಟಿ ಆಗಲೇಬೇಕು. ಕಳೆದ 30 ದಿನಗಳಲ್ಲಿ ಲಿಥಿಯಂ ಮಾತ್ರೆ ತೆಗೆದುಕೊಂಡವರಿಗೆ ಪ್ರವೇಶವಿಲ್ಲ. ಅನುಭವದ ಹೊತ್ತಿನಲ್ಲಿ ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ ಎಂಬುದನ್ನೂ ಮೊದಲೇ ಬರೆದು ಒಪ್ಪಬೇಕು. ಮುಗಿದ ಮೇಲೆ ಮನೆಗೆ ಹೇಗೆ ಹೋಗುತ್ತೀರಿ ಎಂಬುದೂ ಬರಹದಲ್ಲಿರಬೇಕು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಒಬ್ಬ ಗೆಳೆಯನಿಂದ. ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡುವಾಗ ಒಂದೇ ಕೋಣೆಯಲ್ಲಿದ್ದವರು ನಾವು. ನಾನು ಪುಣೆ ಸೇರಿದೆ, ಅವನು ಸಿಯಾಟಲ್. 2021ರ ಎರಡನೇ ಅಲೆಯಲ್ಲಿ ಅವನ ಅಪ್ಪ ಧಾರವಾಡದಲ್ಲಿ ತೀರಿಕೊಂಡರು. ಅಪ್ಪನ ಮಣ್ಣಿಗೆ ಅವನು ಬರಲಾಗಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿದ. ಆಮೇಲೆ ಎದೆಯ ಮೇಲೆ ಕಲ್ಲು ಕೂತಂತಾಗಿದೆ ಎಂದು ಹೇಳುತ್ತಲೇ ಬಂದ. ಕೌನ್ಸೆಲಿಂಗ್ ಆಯಿತು, ಒಂದಷ್ಟು ಕಾಲ ಮಾತ್ರೆಯೂ ಆಯಿತು. ಕೊನೆಗೆ ಆರೆಗನ್ನಿನಲ್ಲಿ ಮೂರು ದಿನದ ಶಿಬಿರವೊಂದಕ್ಕೆ ಹೋಗುವೆನೆಂದು ನಿರ್ಧರಿಸಿ ನನಗೊಂದು ಎಕ್ಸೆಲ್ ಶೀಟ್ ಕಳಿಸಿದ. "ನೀ ಪ್ರಾಜೆಕ್ಟ್ ಮ್ಯಾನೇಜರ್ ಅಲ್ಲೇನು, ಏನರ ಬಿಟ್ಟೇನೇನು ನೋಡು" ಅಂದ.

ಶೀಟ್ ಅಚ್ಚುಕಟ್ಟಾಗಿತ್ತು. ರಕ್ತದೊತ್ತಡ ಪರೀಕ್ಷೆ ಇತ್ತು, ಏಕೆಂದರೆ ಆ ಹೊತ್ತಿನಲ್ಲಿ ಒತ್ತಡವೂ ನಾಡಿಬಡಿತವೂ ಏರುತ್ತವೆ. ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ, ಅಂದು ಗಾಡಿ ಓಡಿಸಬಾರದು ಎಂಬ ಸಾಲಿತ್ತು. ಖಿನ್ನತೆಯ ಮಾತ್ರೆಗಳನ್ನು ಇದಕ್ಕಾಗಿ ತಟ್ಟನೆ ನಿಲ್ಲಿಸುವುದು ಅಪಾಯ, ಏನಿದ್ದರೂ ಡಾಕ್ಟರನ್ನು ಕೇಳಿಯೇ ಎಂದಿತ್ತು. ಹೆಂಡತಿಗೆ ಎಲ್ಲ ಹೇಳಿಯಾಗಿತ್ತು. ಮುಂದಿನ ಒಂದು ವಾರ ದೊಡ್ಡ ನಿರ್ಧಾರ ಬೇಡ ಎಂದೂ ಬರೆದುಕೊಂಡಿದ್ದ. ಒಂದು ಸಾಲು ಮಾತ್ರ ಇರಲಿಲ್ಲ. ಅವನ ಕಾಕಾ.

ರಜೆಯಲ್ಲಿ ಅವರ ಮನೆಗೆ ಹೋದಾಗ ಹಿತ್ತಲ ಕೋಣೆಯಲ್ಲಿದ್ದ ಆ ಕಾಕಾನನ್ನು ನಾನೂ ನೋಡಿದ್ದೆ. ಇಪ್ಪತ್ತೆರಡರ ಹರೆಯದಲ್ಲಿ ಅವರಿಗೆ ಕಿವಿಯಲ್ಲಿ ಧ್ವನಿಗಳು ಕೇಳತೊಡಗಿದವು. ಆಮೇಲೆ ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದರು. ನಮ್ಮ ಕಡೆ "ಇವನನ್ನ ಧಾರವಾಡಕ್ಕ ಕಳಿಸಬೇಕು" ಎಂಬುದು ಇಂದಿಗೂ ಚೇಷ್ಟೆಯ ಮಾತು. ಧಾರವಾಡದಲ್ಲೇ ಇದ್ದ ಆ ಮನೆಗೆ ಅದು ಚೇಷ್ಟೆಯಾಗಿರಲಿಲ್ಲ. ಅವನ ಅಕ್ಕಂದಿರ ಮದುವೆ ಮಾತುಕತೆ ನಡೆವಾಗ ಕಾಕಾ "ಊರಾಗ ಹೊಲಾ ನೋಡ್ಕೋತಾನ" ಎಂದಾಗುತ್ತಿತ್ತು.

ಗೆಳೆಯ ಆರಿಸಿದ್ದ ಕೇಂದ್ರದ ಅರ್ಜಿಯಲ್ಲಿ ಕುಟುಂಬದ ಇತಿಹಾಸದ ಪ್ರಶ್ನೆ ಇತ್ತು. ಅದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಸುರಕ್ಷತಾ ಮಾರ್ಗಸೂಚಿಯ ಪ್ರಕಾರ, ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ಕಾಯಿಲೆ ತಂದೆ-ತಾಯಿ, ಒಡಹುಟ್ಟಿದವರಿಗಷ್ಟೇ ಅಲ್ಲ, ಅಜ್ಜ-ಅಜ್ಜಿ, ಚಿಕ್ಕಪ್ಪ, ಸೋದರಮಾವ, ಅತ್ತೆಯಂಥವರಿಗೆ ಇದ್ದರೂ ಅಂಥವರನ್ನು ಪ್ರಯೋಗಕ್ಕೆ ತೆಗೆದುಕೊಳ್ಳಬಾರದು. ಬೀಜ ಮನೆತನದಲ್ಲಿದ್ದರೆ ಇಂಥ ಅನುಭವ ಅದಕ್ಕೆ ನೀರೆರೆದೀತು ಎಂಬ ಭಯ.

ನಾನು ಕೇಳಿದಾಗ ಅವನು ಮೂರು ವಾದ ಮುಂದಿಟ್ಟ. ಮೂರೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: "ಅಪಾಯ ನಂದು, ನಾ ಅನುಭವಸ್ತೀನಿ." ಸ್ವಾತಂತ್ರ್ಯದ ಮಾತು ಇದು. ಆದರೆ ಆ ಕೋಣೆಯಲ್ಲಿ ಅವನೊಬ್ಬನೇ ಇರುವುದಿಲ್ಲ. ಆರು ಗಂಟೆ ಪಕ್ಕದಲ್ಲಿ ಕೂರುವ ಮಾರ್ಗದರ್ಶಕಿಯೂ ಒಂದು ಒಪ್ಪಿಗೆ ಕೊಟ್ಟಿರುತ್ತಾಳೆ. ಹೆದರಿದವನನ್ನು ಸಂತೈಸುವ ಕೆಲಸಕ್ಕೆ ಅವಳು ಒಪ್ಪಿದ್ದಾಳೆ. ಹೆದರಿಕೆ ಅಪರೂಪವೂ ಅಲ್ಲ. ಅದೇ ವಿಶ್ವವಿದ್ಯಾಲಯದ 2006ರ ಪ್ರಸಿದ್ಧ ಅಧ್ಯಯನದಲ್ಲಿದ್ದ 36 ಮಂದಿಯಲ್ಲಿ ಹೆಚ್ಚಿನವರು ಅದನ್ನು ಬದುಕಿನ ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದರು. ಮೂರನೇ ಒಂದರಷ್ಟು ಮಂದಿ ತೀವ್ರ ಭಯವನ್ನೂ ಕಂಡರು. ಅದೂ ಚೆನ್ನಾಗಿ ಸೋಸಿ ಆರಿಸಿದವರಲ್ಲಿ. ಆದರೆ ವಾರಗಟ್ಟಲೆ ಇಳಿಯದ ಮತಿವಿಕಲತೆಯ ಹೊಣೆಗೆ ಅವಳು ಒಪ್ಪಿಲ್ಲ. ಗೊತ್ತಿದ್ದೂ ಹೇಳದಿದ್ದರೆ ಅವಳ ಒಪ್ಪಿಗೆಯನ್ನು ಕದ್ದ ಹಾಗೆ.

ಎರಡನೆಯದು ನನ್ನನ್ನು ನಿಜಕ್ಕೂ ಕಟ್ಟಿಹಾಕಿತು: "ಈ ಗುಟ್ಟು ನಂದಲ್ಲೋ, ಅವ್ವಂದು. ಯಾರಿಗೂ ಹೇಳೂದಿಲ್ಲ ಅಂತ ಆಣಿ ಮಾಡೇನಿ." ಗುಟ್ಟಿಗೂ ಒಂದು ಧರ್ಮವಿದೆ. ಅದನ್ನು ಮುರಿದರೆ ಏನಾಗುತ್ತದೆ ಎಂಬುದಕ್ಕೆ ಈ ಅಣಬೆಯ ಚರಿತ್ರೆಯೇ ಸಾಕ್ಷಿ. 1955ರಲ್ಲಿ ಗಾರ್ಡನ್ ವಾಸನ್ ಎಂಬ ನ್ಯೂಯಾರ್ಕಿನ ಬ್ಯಾಂಕರ್ ಮೆಕ್ಸಿಕೋದ ಹುವಾಟ್ಲಾ ಎಂಬ ಗುಡ್ಡಗಾಡಿನ ಊರಿಗೆ ಹೋದ. ಮಸಾಟೆಕ್ ಜನಾಂಗದ ಮರಿಯಾ ಸಬಿನಾ ಎಂಬ ಹೆಣ್ಣುಮಗಳು ಅವನನ್ನು ರಾತ್ರಿಯ ಆಚರಣೆಗೆ ಸೇರಿಸಿಕೊಂಡಳು. 1957ರಲ್ಲಿ ಅವನು 'ಲೈಫ್' ಪತ್ರಿಕೆಯಲ್ಲಿ ಅವಳ ಹೆಸರು ಬದಲಿಸಿ, ಫೋಟೋ ಸಮೇತ ಎಲ್ಲವನ್ನೂ ಬರೆದ. ಮುಂದೆ ಆ ಊರಿಗೆ ಹೊರಗಿನವರ ದಂಡೇ ಬಂತು, ಹಿಂದೆಯೇ ಪೊಲೀಸರು ಬಂದರು. ಸಬಿನಾ ತನ್ನ ಜನರ ಸಿಟ್ಟಿಗೆ ಗುರಿಯಾದಳು. ಅವಳ ಮನೆಗೆ ಬೆಂಕಿ ಬಿತ್ತು.

ಹಾಗಾದರೆ ಗೆಳೆಯನ ಮಾತೇ ಸರಿಯೆ? ನನಗೆ ಹಾಗನಿಸಲಿಲ್ಲ. ವಾಸನ್ ತನಗೆ ಒಪ್ಪಿಸಿದ್ದನ್ನು ಲಕ್ಷಾಂತರ ಜನರ ಮುಂದೆ ಹರಡಿದ. ಇಲ್ಲಿ ಹೇಳಬೇಕಾದದ್ದು ಒಬ್ಬರಿಗೆ, ಅದೂ ಆ ಮಾತಿನ ಮೇಲೆ ನಿಂತು ಕೆಲಸ ಮಾಡಬೇಕಾದವರಿಗೆ. ಕಾಕಾನ ಹೆಸರೂ ಬೇಕಿಲ್ಲ, ಸಂಬಂಧ ಬರೆದರೆ ಸಾಕು. ಇನ್ನೊಂದು ವ್ಯತ್ಯಾಸವೂ ಇದೆ. ಸಬಿನಾಳ ಆಚರಣೆ ನಡೆಯುತ್ತಿದ್ದದ್ದು ಕಾಯಿಲೆ ಬಿದ್ದವರಿಗಾಗಿ; ಮನೆಮಂದಿ ಜೊತೆಗೆ ಕೂರುತ್ತಿದ್ದರು, ಮೊದಲು ಕೆಲವು ದಿನ ವ್ರತವಿರುತ್ತಿತ್ತು. ರೋಗಿ ಯಾರು, ಮನೆಯಲ್ಲಿ ಏನು ನಡೆದಿದೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಯಾರನ್ನೂ ಅರಿಯದ ಕೇಂದ್ರದಲ್ಲಿ ಆ ಊರು ಮಾಡುತ್ತಿದ್ದ ಕೆಲಸವನ್ನು ಒಂದು ಅರ್ಜಿ ಮಾಡಬೇಕು. ಅರ್ಜಿಗೆ ಸುಳ್ಳು ಹೇಳಿದರೆ ಉಳಿಯುವುದು ಅಣಬೆ ಮತ್ತು ಒಂಟಿತನ ಮಾತ್ರ.

ಮೂರನೆಯ ವಾದಕ್ಕೆ ಇವತ್ತಿಗೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. "ಖರೇ ಹೇಳಿದ್ರ ಅವರು ಬ್ಯಾಡ ಅಂತಾರ. ಸುಳ್ಳು ಹೇಳಿದಾಂವ ಒಳಗ ಹೋಗ್ತಾನ. ನಲವತ್ನಾಕು ವರ್ಷ ನನಗೇನೂ ಆಗಿಲ್ಲಲಾ, ಇದ್ಯಾವ ನ್ಯಾಯ?" ನಿಜ. ಇಂಥ ಕಾಯಿಲೆ ಸಾಮಾನ್ಯವಾಗಿ ಹರೆಯದಲ್ಲೇ ತಲೆದೋರುತ್ತದೆ. ಆ ವಯಸ್ಸನ್ನು ಅವನು ದಾಟಿದ್ದಾನೆ. ನಿಯಮ ಮಾಡುವವರು ಗುಂಪನ್ನು ನೋಡುತ್ತಾರೆ, ದುಃಖಪಡುವವನು ಒಬ್ಬನೇ ಇರುತ್ತಾನೆ. ಅವನಿಗೆ ಏನೂ ಆಗದೆ ಇರಬಹುದಿತ್ತು.

ಆದರೂ ನಾನು ಒಪ್ಪಲಿಲ್ಲ. ಎಲ್.ಎ. ಪಾಲ್ ಎಂಬ ತತ್ವಶಾಸ್ತ್ರಜ್ಞೆ 2014ರ ತಮ್ಮ ಪುಸ್ತಕದಲ್ಲಿ ಒಂದು ತೊಡಕನ್ನು ಬಿಡಿಸಿಟ್ಟಿದ್ದಾರೆ. ಕೆಲವು ಅನುಭವಗಳು ಹೇಗಿರುತ್ತವೆಂದು ಅನುಭವಿಸುವ ಮೊದಲು ತಿಳಿಯುವುದೇ ಸಾಧ್ಯವಿಲ್ಲ. ಜೊತೆಗೆ ಅವು ತೂಗಿ ನೋಡುವ ನಮ್ಮನ್ನೇ ಬದಲಾಯಿಸುತ್ತವೆ. ಮೊದಲ ಮಗು ಹುಟ್ಟುವುದು ಅಂಥದ್ದು. ಇವತ್ತಿನ ನಾನು ಸಹಿ ಹಾಕುತ್ತೇನೆ, ಫಲ ಉಣ್ಣುವವನು ನಾಳೆಯ ಇನ್ನೊಬ್ಬ. ನನ್ನ ಕೆಲಸದಲ್ಲಿ ಯಾವ ಸಿಸ್ಟಮ್ ಗೋ-ಲೈವ್ ಆಗುವ ಮೊದಲೂ ಹಿಂದಕ್ಕೆ ಬರುವ ದಾರಿ ಎಲ್ಲಿದೆ ಎಂದು ಕೇಳುತ್ತೇವೆ. ಮನಸ್ಸಿಗೆ ಅಂಥ ರೋಲ್‌ಬ್ಯಾಕ್ ಇಲ್ಲ. ಹಾಗಿರುವಾಗ 'ಎಲ್ಲ ತಿಳಿದು ಒಪ್ಪಿದ್ದೇನೆ' ಎಂಬ ಸಾಲು ಪೂರ್ತಿ ನಿಜವಾಗಲಾರದು. ಮುಂದೆ ಏನಿದೆ ಎಂಬುದನ್ನು ಯಾರೂ ನಮಗೆ ತೋರಿಸಲಾರರು. ಹಿಂದೆ ಏನಿತ್ತು ಎಂಬುದನ್ನಾದರೂ ನಾವು ಮುಚ್ಚದೆ ಇಡಬಹುದು. ಅರ್ಧ ಒಪ್ಪಿಗೆಯನ್ನು ಪ್ರಾಮಾಣಿಕವಾಗಿಸುವುದು ಅದೊಂದೇ. ಅಪ್ಪನ ಎದುರು ನಿಂತು ಅಳಬೇಕೆಂದು ಹೊರಟವನು, ಅಪ್ಪನ ತಮ್ಮನನ್ನೇ ಇಲ್ಲವೆಂದು ಬರೆದು ಒಳಗೆ ಹೋಗುವುದು ನನಗೆ ಸರಿಕಾಣಲಿಲ್ಲ.

ಈ ಮಾತು ಅವನೊಬ್ಬನಿಗೆ ಸಂಬಂಧಿಸಿದ್ದೂ ಅಲ್ಲ. ಅವನ ಅಕ್ಕನ ಮಗಳು ಇಲ್ಲೇ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳ ಗೆಳೆಯರು ಕೊಡೈಕೆನಾಲಿಗೆ ಹೋಗಿ ಬಂದು ಹೇಳುವ ಕಥೆಗಳಲ್ಲಿ ಅಣಬೆ ಇರುತ್ತದೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಸಿಲೋಸೈಬಿನ್ ನಿಷಿದ್ಧ, ಸಿಕ್ಕಿಬಿದ್ದರೆ ಜೈಲು. ನಿಷಿದ್ಧವಾದ್ದರಿಂದ ಅಲ್ಲಿ ಮಾರ್ಗದರ್ಶಕರಿಲ್ಲ, ತಯಾರಿಯ ಭೇಟಿಯಿಲ್ಲ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳುವವರಿಲ್ಲ. ಗುಡ್ಡದಲ್ಲಿ ಕಿತ್ತದ್ದು ಯಾವ ಅಣಬೆ ಎಂಬ ಖಾತ್ರಿಯೂ ಇಲ್ಲ. ಹತ್ತೊಂಬತ್ತರ ಆ ಹುಡುಗಿ ಕಾಯಿಲೆ ತಲೆದೋರುವ ವಯಸ್ಸಿನಲ್ಲೇ ಇದ್ದಾಳೆ. ಅವಳ ಅಮ್ಮನ ಮದುವೆಗಾಗಿ ಮುಚ್ಚಿಟ್ಟ ಸಂಗತಿ ಅವಳಿಗೆ ಗೊತ್ತೇ ಇಲ್ಲ. ಅಂದು ಹೆಣ್ಣುಮಕ್ಕಳನ್ನು ಕಾಪಾಡಿದ ಗುಟ್ಟು ಇಂದು ಮೊಮ್ಮಗಳನ್ನು ಕತ್ತಲೆಯಲ್ಲಿಟ್ಟಿದೆ.

ಇದನ್ನು ಹೇಳಿದ ಮೇಲೆ ಅವನು ಅವ್ವನಿಗೆ ಫೋನು ಮಾಡಿದ. ಅಣಬೆಯ ವಿಷಯ ಎಷ್ಟು ಹೇಳಿದನೋ, ಕಾಯಿಲೆಯ ಬಗ್ಗೆ ಬರೆದುಕೊಡಬೇಕಾಗಿದೆ ಎಂದು ಮಾತ್ರ ಕೇಳಿದನಂತೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿಯಪಾ. ಅವನೇನು ಕಳವು ಮಾಡಿದ್ದನೇನು?" ಎಂದರಂತೆ.

ಬರೆದ. ಕೇಂದ್ರದವರು ವಿನಯವಾಗಿಯೇ ಬೇಡವೆಂದರು, ಮನೋವೈದ್ಯರನ್ನು ಕಾಣುವಂತೆ ಸೂಚಿಸಿದರು. ಅವನಿಗೆ ನನ್ನ ಮೇಲೆ ಸಿಟ್ಟು ಬಂತು, ಕೆಲವು ತಿಂಗಳು ಮಾತು ಕಡಿಮೆಯಾಯಿತು. ಎದೆಯ ಮೇಲಿನ ಕಲ್ಲು ಇಳಿಯಿತೆಂದು ನಾನು ಹೇಳಲಾರೆ. ಅಕ್ಕನಿಗೆ ಮಾತ್ರ ತಾನೇ ಫೋನು ಮಾಡಿ, ಮಗಳಿಗೆ ಕಾಕಾನ ವಿಷಯ ತಿಳಿಸು ಎಂದಿದ್ದಾನೆ. ಅವಳು ತಿಳಿಸಿದ್ದಾಳೆ.

ಹೊರನಾಡಿನಲ್ಲಿರುವ ನಾವು ಜಾತಕ, ಆಸ್ತಿಪತ್ರ, ಪಾಸ್‌ಪೋರ್ಟಿನ ಕಾಗದ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತು ಎಂಬುದು ಊರಿನ ಹಿರಿಯರ ನೆನಪಿನಲ್ಲಷ್ಟೇ ಇದೆ, ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಣಬೆಯ ಗೊಡವೆ ನಿಮಗೆ ಬೇಡದಿರಬಹುದು. ಈ ಸಲ ದೀಪಾವಳಿಗೆ ಊರಿಗೆ ಹೋದಾಗ, ಅಡುಗೆಮನೆಯಲ್ಲಿ ಅಮ್ಮನೊಬ್ಬರೇ ಇರುವ ಹೊತ್ತು ನೋಡಿ, ಕೇಳಿಕೊಂಡು ಬನ್ನಿ.