ವ್ರತದ ಉಡುಪಿಗೆ ಅಂದವೇಕೆ?



ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಕಪ್ಪು ಬಟ್ಟೆ ಉಟ್ಟು ವ್ರತ ಮಾಡುವುದು ನಮಗೆಲ್ಲ ಗೊತ್ತು. ಕ್ರೈಸ್ತರಲ್ಲಿಯೂ ಅಂಥದೊಂದು ವ್ರತವಿದೆ. ಅದು ಈಸ್ಟರ್ ಹಬ್ಬಕ್ಕೆ ಮುಂಚಿನ, ಭಾನುವಾರಗಳನ್ನು ಬಿಟ್ಟು 40 ದಿನಗಳ, ತಪಸ್ಸು ಕಾಲ. ಆಗ ಕ್ಯಾಥೊಲಿಕ್ ಗುರುಗಳು ಪೂಜೆಗೆ ನೇರಳೆ ಬಣ್ಣದ ಮೇಲುವಸ್ತ್ರ ಧರಿಸುತ್ತಾರೆ. ಪೂಜಾಪೀಠಕ್ಕೆ ಹೂವಿನ ಅಲಂಕಾರವಿರುವುದಿಲ್ಲ. 1990ರ ವಲಸೆ ಕಾನೂನು ತಿದ್ದುಪಡಿಯ ನಂತರ ಬ್ರೆಜಿಲ್‌ನಿಂದ ಬಂದ ಅನೇಕ ಕುಟುಂಬಗಳು ನೆಲೆಸಿರುವ ನಮ್ಮ ಹಮಾಮತ್ಸುವಿನಲ್ಲಿ ಇದು ನೆರೆಮನೆಯ ವಿಷಯವೇ.

ಈ ಉಡುಪನ್ನು ಕೈಯಾರೆ ಹೊಲಿದುಕೊಡುವವರಿದ್ದಾರೆ. ಅವರೆದುರು ಒಂದು ಧರ್ಮಸೂಕ್ಷ್ಮವಿದೆ. ಎಲ್ಲವನ್ನೂ ಬಿಡಬೇಕಾದ ಕಾಲಕ್ಕೆ ಚೆಂದದ ಬಟ್ಟೆ ಹೊಲಿಯುವುದು ಸರಿಯೇ? ಆ ಹಣವನ್ನು ಬಡವರಿಗೆ ಕೊಡಬಾರದೇ?

ಜರಿ, ಆಡಂಬರದ ಮಟ್ಟಿಗೆ ಈ ಆಕ್ಷೇಪ ನ್ಯಾಯವಾದದ್ದೇ. ಪೂಜಾವಸ್ತ್ರದ ಸೊಬಗು ಬಟ್ಟೆಯ ಗುಣ ಮತ್ತು ವಿನ್ಯಾಸದಿಂದ ಬರಬೇಕು, ಅಲಂಕಾರದ ಹೇರಿಕೆಯಿಂದಲ್ಲ ಎಂದು ಆ ಧರ್ಮಸಭೆಯ ನಿಯಮವೇ ಹೇಳುತ್ತದೆ. ನೇರಳೆಯ ಚರಿತ್ರೆಯೂ ಎಚ್ಚರಿಕೆ ಕೊಡುತ್ತದೆ. ರೋಮಿನಲ್ಲಿ ಅದು ಸಮುದ್ರದ ಶಂಖುಹುಳುಗಳಿಂದ ತೆಗೆದ ದುಬಾರಿ ಬಣ್ಣ, ಅರಸರ ಬಣ್ಣ. ಸೈನಿಕರು ಯೇಸುವನ್ನು ಗೇಲಿ ಮಾಡಲು ಅದನ್ನೇ ಹೊದಿಸಿದರೆಂದು ಬೈಬಲ್ ಹೇಳುತ್ತದೆ. ಜಪಾನಿನಲ್ಲಿಯೂ ಚಕ್ರವರ್ತಿ ಬೌದ್ಧ ಗುರುಗಳಿಗೆ ನೇರಳೆ ನಿಲುವಂಗಿ ಕೊಡುವ ಹಕ್ಕಿನ ಬಗ್ಗೆ 1627ರಲ್ಲಿ ಶೋಗನ್ ಸರ್ಕಾರ ತಕರಾರು ತೆಗೆಯಿತು. ಅದನ್ನು ಪ್ರತಿಭಟಿಸಿದ ಝೆನ್ ಗುರು ತಕುವಾನ್ 1629ರಲ್ಲಿ ಗಡೀಪಾರಾದರು. ವಿರಕ್ತರ ಬಟ್ಟೆಯೂ ಅಧಿಕಾರದ ಗುರುತಾಗಬಲ್ಲದು!

ಹಾಗೆಂದು ಹೇಗೆ ಹೊಲಿದರೂ ಆದೀತು ಎನ್ನಬಹುದೇ? ಸರಳತೆ ಬೇರೆ, ಅಸಡ್ಡೆ ಬೇರೆ. ಎಡೋ ಕಾಲದಲ್ಲಿ ಸಾಮಾನ್ಯರು ಆಡಂಬರದ ಬಟ್ಟೆ ಉಡುವಂತಿರಲಿಲ್ಲ. ಆ ಕಟ್ಟುಪಾಡಿನೊಳಗೇ ಬಣ್ಣಗಾರರು ಕಂದು, ಬೂದು ಬಣ್ಣಗಳಲ್ಲಿ ಎಷ್ಟು ಛಾಯೆ ತೆಗೆದರೆಂದರೆ, "48 ಕಂದು, 100 ಬೂದು" ಎಂಬ ಮಾತೇ ಹುಟ್ಟಿತು. ಸುಜುಕಿ ಮಿಚಿಯೊ 1909ರಲ್ಲಿ ಮಗ್ಗದ ಕಾರ್ಖಾನೆ ತೆರೆದ ಈ ಊರಿನ ಸುತ್ತಮುತ್ತ ನೇಯುವ ಎನ್ಶು ಹತ್ತಿಬಟ್ಟೆಯ ಚೆಲುವೂ ಬರಿಯ ಪಟ್ಟೆಗಳಲ್ಲೇ ಇದೆ. ವ್ರತದ ಉಡುಪು ಹೊಲಿಯುವವರು ಸ್ಫೂರ್ತಿಗೆ ದೂರ ಹೋಗಬೇಕಿಲ್ಲ.

ನಮ್ಮ ಧಾರವಾಡದ ಕಸೂತಿಯನ್ನೂ ನೆನೆಯೋಣ. ಅದರಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತದೆ. ಯಾರ ಕಣ್ಣಿಗೂ ಬೀಳದ ಒಳಮಗ್ಗುಲನ್ನೂ ಅಷ್ಟೇ ಶ್ರದ್ಧೆಯಿಂದ ಹೊಲಿಯುವುದು ಮೆರವಣಿಗೆಗಾಗಿ ಅಲ್ಲವಷ್ಟೆ. ಬಡವರಿಗೆ ಸಲ್ಲಬೇಕಾದ ಹಣವನ್ನು ಅದು ಕಸಿಯುವುದಿಲ್ಲ. ಹೊಲಿಯುವವರು ಕೊಡುವುದು ತಮ್ಮ ಬಿಡುವಿನ ವೇಳೆಯನ್ನು. ಅದೂ ಒಂದು ತ್ಯಾಗವೇ ಎಂದು ನನ್ನ ಅನಿಸಿಕೆ.

ಹಬ್ಬಕ್ಕೆ ರೇಷ್ಮೆ ಉಡುವ ನಾವು, ವ್ರತಕ್ಕೆ ಏನು ಉಡುತ್ತೇವೆ, ಏಕೆ ಉಡುತ್ತೇವೆ ಎಂದು ಮಕ್ಕಳು ಕೇಳಿದರೆ ಏನು ಹೇಳೋಣ? ಓದುಗರು ತಮ್ಮ ಅಭಿಪ್ರಾಯ ಬರೆದು ಕಳಿಸಬೇಕಾಗಿ ವಿನಂತಿ.